ಢಾಕಾದಲ್ಲಿ ಕೂತು ಮಿರಜಕ್ಕೆ ಕರೆದೆ

ಢಾಕಾಕ್ಕೆ ಬಂದ ಹೊಸತರಲ್ಲಿ ನಾನು ದಿನಾ ಚಹಾ ಕುಡಿಯುತ್ತಿದ್ದುದು ಬಣ್ಣಬಣ್ಣದ ಬರಹವಿದ್ದ ಒಂದು ಗೋಡೆಗೆ ಒರಗಿ. ಬಂಗಾಳಿ ಅಕ್ಷರ ಬಾರದ ನನಗೆ ಆ ಬರಹ ಬಹಳ ಚೆಂದ ಕಂಡಿತ್ತು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಅವ್ವನಿಗೂ ಕಳಿಸಿದ್ದೆ. ಒಂದು ದಿನ ಚಹಾದಂಗಡಿಯವನೇ ನಗುತ್ತ ಅದರ ಅರ್ಥ ಹೇಳಿದ: ಭಾರತದ ದೊಡ್ಡಣ್ಣಗಿರಿ ಇನ್ನು ಸಾಕು. ಹೇಳಿ, ಎಂದಿನಂತೆ ಒಂದು ಬಿಸ್ಕೀಟನ್ನೂ ಕೊಟ್ಟ. ನಾನು ಅದನ್ನು ತಿನ್ನದೆ ಜೇಬಿಗೆ ಹಾಕಿಕೊಂಡೆ.

ನಾನು ಕರ್ನಾಟಕದ ಅಂಚಿನ ಕಾಗವಾಡದವನು. ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಕಲಿತು, ಇಲ್ಲಿನ ಬಟ್ಟೆ ಮಿಲ್ಲಿಗೆ ಮೇಲ್ವಿಚಾರಕನಾಗಿ ಬಂದೆ. ನಮ್ಮ ಕಡೆ ಗಡಿ ಎಂದರೆ ಬಸ್ಸು ನಿಲ್ಲದೆ ದಾಟುವ ಜಾಗ. ಆಗಾಗ ಗಡಿ ಜಗಳ ಎದ್ದಾಗ ನಾಲ್ಕು ದಿನ ಬಸ್ಸುಗಳು ನಿಲ್ಲುತ್ತವೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ಅರ್ಧ ಬಳಗವೇ ಮಹಾರಾಷ್ಟ್ರದಲ್ಲಿರುವಾಗ ಯಾರ ಮೇಲೆ ಎಷ್ಟು ದಿನ ಮುನಿಸಿಕೊಂಡಿರುವುದು? ಗಡಿಯ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ.

ಇಲ್ಲಿ ಎರಡೂ ಹೊತ್ತು ಅನ್ನ, ಮೀನು. ನಾನು ರೊಟ್ಟಿಗಾಗಿ ಒದ್ದಾಡುವುದನ್ನು ನೋಡಿ ಮನೆಯೊಡತಿ ಚಾಲೇರ್ ರುಟಿ, ಅಂದರೆ ಅಕ್ಕಿ ಹಿಟ್ಟಿನ ರೊಟ್ಟಿ, ಮಾಡಿಕೊಟ್ಟರು. ಜೋಳದ ರುಚಿ ಇರಲಿಲ್ಲ, ಆದರೂ ಹೊಟ್ಟೆ ತಣ್ಣಗಾಯಿತು. ಅವರನ್ನು ಎಲ್ಲರೂ ಖಾಲಾಮ್ಮ ಎನ್ನುತ್ತಾರೆ, ನಾವು ಚಿಕ್ಕಮ್ಮನಿಗೆ ಮಾವ್ಶಿ ಎನ್ನುವ ಹಾಗೆ. ನಾನು ಮಿಲ್ಲಿನಿಂದ ಬಂದೊಡನೆ 'ಭಾತ್ ಖಾಯಿಸೋ, ಬಾಬಾ?' ಎಂದು ಕೇಳುತ್ತಾರೆ. ಊಟ ಆತೇನೋ ಮಗನ ಎಂದು ಅವ್ವ ಕೇಳಿದಂತೆಯೇ.

ಖಾಲಾಮ್ಮನಿಗೆ ಹಿಂದೊಮ್ಮೆ ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆಗಿತ್ತು. ಈಗ ಮತ್ತೆ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನಮ್ಮೂರಲ್ಲಿ ಯಾರು ಕೆಮ್ಮಿದರೂ ಗಡಿಯಾಚೆಯ ಮಿರಜದಲ್ಲಿ ತೋರಿಸಿ ಎನ್ನುವುದು ರೂಢಿ. ಊರೆಲ್ಲ ಅಲ್ಲಿನ ಡಾಕ್ಟರರ ಕೈಗುಣದಲ್ಲೇ ಬದುಕಿದೆ. ಅದೇ ರೂಢಿಯಲ್ಲಿ ನನ್ನ ಬಾಯಿಂದಲೂ ಮಾತು ಬಂತು: "ನಮ್ಮೂರಿಗೆ ಬನ್ನಿ ಖಾಲಾಮ್ಮಾ, ಮಿರಜದಲ್ಲಿ ತೋರಿಸೋಣ. ಅವ್ವನ ಕೈಯ ರೊಟ್ಟಿ ತಿಂದು ಬರುವಿರಂತೆ."

ಅವರು ಅದನ್ನು ನಿಜವೆಂದೇ ನಂಬಿದರು. ಓಣಿಗೆಲ್ಲ ಹೇಳಿದರು, ಅವ್ವನಿಗೆಂದು ಒಂದು ಸೀರೆಯನ್ನೂ ತಂದಿಟ್ಟರು. ಅಷ್ಟರಲ್ಲಿ ಇಲ್ಲಿ ಸರ್ಕಾರ ಬದಲಾಯಿತು, ಎರಡೂ ದೇಶಗಳು ಮುಖ ತಿರುಗಿಸಿಕೊಂಡವು, ಇಲ್ಲಿನವರಿಗೆ ನಮ್ಮ ದೇಶದ ವೀಸಾ ಸಿಗುವುದೇ ಕಷ್ಟವಾಯಿತು. ಎಷ್ಟು ಅಲೆದರೂ ಖಾಲಾಮ್ಮನ ಸರದಿ ಬರಲಿಲ್ಲ. "ನೀನೊಂದು ಮಾತು ಹೇಳು ಬಾಬಾ, ನಿನ್ನ ದೇಶ ಅಲ್ವಾ?" ಎಂದರು. ಯಾರಿಗೆ ಹೇಳಲಿ? ಮಗ್ಗದ ಮೇಲ್ವಿಚಾರಕನ ಮಾತನ್ನು ದಿಲ್ಲಿ ಕೇಳುತ್ತದೆಯೇ? ನೋಡ್ತೀನಿ ಎಂದು ತಪ್ಪಿಸಿಕೊಂಡೆ. ಆಮೇಲೆ ಅವರು ಮಲಗಿದ ಮೇಲೆಯೇ ಮನೆ ಸೇರತೊಡಗಿದೆ. ಅಷ್ಟು ನಾಚಿಕೆ.

ಕೊನೆಗೆ ಅವರನ್ನು ಕರೆದದ್ದು ಚೀನಾ. ಅಲ್ಲಿನ ಕುನ್‌ಮಿಂಗ್ ಎಂಬ ಊರಿನ ಆಸ್ಪತ್ರೆಗೆ ಇಲ್ಲಿನ ರೋಗಿಗಳು ಹೋಗತೊಡಗಿದ್ದರು, ಖಾಲಾಮ್ಮನೂ ಹೋದರು. ವಾಪಸ್ಸು ಬಂದವರು ನಡುವೆ ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿದರು. "ಅವರ ಮಾತು ತಿಳಿಯಲಿಲ್ಲ, ಊಟ ಸೇರಲಿಲ್ಲ. ಆದರೆ ಬಾಗಿಲು ತೆಗೆದರು," ಎಂದರು. ನನ್ನನ್ನು ದೂರಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ರಜೆಗೆ ಊರಿಗೆ ಹೊರಟಾಗ ಆ ಸೀರೆಯನ್ನು ನನ್ನ ಚೀಲಕ್ಕೆ ಅವರೇ ಹಾಕಿದರು.

ಊರಲ್ಲಿ ಅವ್ವನ ಕಣ್ಣು ತೋರಿಸಲು ಮಿರಜಕ್ಕೆ ಹೊರಟೆವು. ಅವ್ವ ಅದೇ ಸೀರೆ ಉಟ್ಟಿದ್ದಳು. ಬಸ್ಸು ಗಡಿ ದಾಟಿದ್ದು ಯಾರಿಗೂ ತಿಳಿಯಲಿಲ್ಲ.

"ಸೀರಿ ಕೊಟ್ಟಾಕಿನ್ನ ಯಾಕ ಕರಕೊಂಡ ಬರ್ಲಿಲ್ಲೋ? ಇಲ್ಲೇ ತೋರಸ್ತಿದ್ವಿ."

"ಆಕಿಗೆ ಬರಾಕ ಬಿಡಲಿಲ್ಲಬೇ."

"ಬ್ಯಾನಿ ಬಂದಾಕಿನ್ನ? ಯಾರ್ ಬಿಡಲಿಲ್ಲ?"

"ನಾವ ಬಿಡಲಿಲ್ಲ, ಅವ್ವಾ."

ಮಿರಜದಲ್ಲಿ ಇಳಿಯುವಾಗ ಅವ್ವ ಆ ಸೀರೆಯ ನೆರಿಗೆ ಮೆಟ್ಟಿಲಿಗೆ ತಾಗದಂತೆ ಎತ್ತಿ ಹಿಡಿದಳು.

ನಾನು ಮರಳಿ ಹೊರಡುವಾಗ ಜೋಳದ ಹಿಟ್ಟು ಕಟ್ಟಿಕೊಟ್ಟಳು. "ಮುಂದಿನ ವರ್ಷ ಬರ್ರಿ ಅಂತ ಹೇಳ ಆಕಿಗೆ," ಎಂದಳು.

ಢಾಕಾದ ಮನೆಯ ಮೆಟ್ಟಿಲು ಹತ್ತುವಾಗ ಮನೆಗೆ ಬಂದೆ ಎಂದೇ ಅನಿಸಿತು, ಹಾಗೆ ಅನಿಸಿದ್ದಕ್ಕೂ ನಾಚಿಕೆಯಾಯಿತು. ಖಾಲಾಮ್ಮ ಹಿಟ್ಟನ್ನು ಮೂಸಿ ನೋಡಿ, "ನಿಮ್ಮವ್ವ ಏನಂದರು?" ಎಂದು ಕೇಳಿದರು.

"ನಿಮಗೆ ನಮಸ್ಕಾರ ಹೇಳಿದ್ದಾಳೆ," ಎಂದೆ.