ವಾಚನಾಲಯದ ಪರದೆಯ ಮೇಲೊಂದು ಚಿತ್ರ

ಮೂಡುಬಿದಿರೆಯಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಸಣ್ಣ ವಾಚನಾಲಯಕ್ಕೆ ನಾನು ಕೆಲಸಕ್ಕೆ ಸೇರಿದಾಗ ನನಗೆ ಮೂವತ್ತೈದು ದಾಟಿತ್ತು. ಎರಡು ಸಾವಿರನೇ ಇಸವಿಯ ಈಚಿನ ಮೊದಲ ಕೆಲವು ವರ್ಷಗಳು ಅವು. ಮದುವೆಯಾಗಿರಲಿಲ್ಲ. ನರಿಕೊಂಬಿನ ಮನೆಯಲ್ಲಿ ಅಣ್ಣನ ಸಂಸಾರ ಇತ್ತು. ಭಾನುವಾರ ಬಂಟ್ವಾಳದ ಬಸ್ಸು ಹಿಡಿದು ಅಲ್ಲಿಗೆ ಹೋದರೆ ಅತ್ತಿಗೆ ಒಳಗಿನಿಂದ ಒಳ್ಳೆಯ ಲೋಟ ತೆಗೆದು ಚಹಾ ಕೊಡುತ್ತಿದ್ದರು. ನೆಂಟರಿಗೆಂದು ಇಟ್ಟ ಲೋಟ ಅದು. ಬರಬರುತ್ತ ಹೋಗುವುದನ್ನು ಕಡಿಮೆ ಮಾಡಿದೆ. ಬಾಡಿಗೆ ಕೋಣೆ, ವಾಚನಾಲಯ, ಮತ್ತೆ ಕೋಣೆ. ಕೆಲವು ದಿನ ಸಂಜೆ ಬಾಗಿಲು ಹಾಕುವಾಗ, ಇವತ್ತು ಯಾರ ಹತ್ತಿರ ಏನು ಮಾತಾಡಿದೆ ಎಂದು ನೆನಪಿಸಿಕೊಂಡರೆ ಒಂದು ಪೂರ್ತಿ ವಾಕ್ಯವೂ ಸಿಗುತ್ತಿರಲಿಲ್ಲ.

ವಾಚನಾಲಯಕ್ಕೆ ಯಾರೋ ದಾನವಾಗಿ ಕೊಟ್ಟ ಹಳೆಯ ಕಂಪ್ಯೂಟರ್ ಬಂತು. ಟ್ರಸ್ಟಿನ ಕಾರ್ಯದರ್ಶಿಯ ಅಳಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು. ಅವರು ಅದಕ್ಕೆ ವಿಂಡೋಸಿನ ಬದಲು ಲಿನಕ್ಸ್ ಹಾಕಿ, ಪುಸ್ತಕ ಹುಡುಕುವ ಒಂದು ಪ್ರೋಗ್ರಾಮನ್ನು ತಾವೇ ಬರೆದುಕೊಟ್ಟರು. ಪ್ರೋಗ್ರಾಮ್ ಚೆನ್ನಾಗಿತ್ತು, ಆದರೆ ಅದನ್ನು ತೆರೆಯಬೇಕಾದರೆ ಮೊದಲು ಕಪ್ಪು ಕಿಟಕಿಯೊಂದನ್ನು ತೆರೆದು ಉದ್ದದ ಆದೇಶ ಟೈಪ್ ಮಾಡಬೇಕಿತ್ತು. ಒಂದು ಅಕ್ಷರ ತಪ್ಪಿದರೂ ಆಗುತ್ತಿರಲಿಲ್ಲ. ಹಾಗಾಗಿ ಪುಸ್ತಕ ಬೇಕಾದವರೆಲ್ಲ ನನ್ನ ಮೇಜಿಗೆ ಬಂದು, ಅದೊಂದು ತೆರೆದು ಕೊಡಿ ಎನ್ನುತ್ತಿದ್ದರು.

ಹಾಗೆ ಬರುತ್ತಿದ್ದವರಲ್ಲಿ ವೇಣೂರಿನ ಆಚೆಯ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು ಇದ್ದರು. ನನಗಿಂತ ಐದಾರು ವರ್ಷ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಿದ್ದರು. ಗಂಡ ಸೌದಿಯ ದಮ್ಮಾಮಿನಲ್ಲಿ. ಪೇಟೆಗೆ ಟೈಲರಿಂಗ್ ಕ್ಲಾಸಿಗೆ ಬಂದವರು, ತಮ್ಮ ಊರಿನ ಒಳಗೆ ಹೋಗುವ ಬಸ್ಸು ಬರುವವರೆಗೆ ಮಧ್ಯಾಹ್ನವಿಡೀ ನಮ್ಮಲ್ಲಿ ಕುಳಿತು ಓದುತ್ತಿದ್ದರು. ಪ್ರೋಗ್ರಾಮ್ ತೆರೆದುಕೊಳ್ಳಲು ಆ ಹಳೆಯ ಯಂತ್ರ ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ನಾವಿಬ್ಬರೂ ಪರದೆ ನೋಡುತ್ತ ನಿಂತು ತುಳುವಿನಲ್ಲಿ ಮಾತಾಡುತ್ತಿದ್ದೆವು. ರವಿಕೆಯ ಕಂಕುಳು ಎಷ್ಟು ಹೊಲಿದರೂ ಸರಿ ಬರುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಅತ್ತೆಗೆ ಕಿವಿ ಕೇಳುವುದಿಲ್ಲ, ಗಂಡ ಶುಕ್ರವಾರ ಫೋನ್ ಮಾಡಿದರೆ ಮಾತಿಗಿಂತ ಗರಗರ ಶಬ್ದವೇ ಹೆಚ್ಚು. ನಾನೂ ಏನೇನೋ ಹೇಳುತ್ತಿದ್ದೆ. ಪುಸ್ತಕದ ಹೆಸರು ಕೇಳುವ ಸಾಲು ಪರದೆಯಲ್ಲಿ ಮೂಡಿದ ಮೇಲೂ ನಾವು ನಿಂತೇ ಇರುತ್ತಿದ್ದೆವು.

ಒಂದು ದಿನ ಕಾರ್ಯದರ್ಶಿಗಳು ಬಂದವರು, ಪ್ರತಿಯೊಬ್ಬರಿಗೂ ನೀವೇ ಎದ್ದು ತೆರೆದು ಕೊಡುವುದು ಎಂತಕ್ಕೆ, ಪರದೆಯ ಮೇಲೆ ಒಂದು ಚಿತ್ರ ಇಟ್ಟರೆ ಜನ ಒತ್ತಿಕೊಳ್ಳುವುದಿಲ್ಲವೇ ಎಂದರು. ನಾನು ಅವರ ಅಳಿಯನಿಗೆ ಫೋನ್ ಮಾಡಿದೆ. ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಬರುವ ಪಟ್ಟಿಯಲ್ಲಿ ಹೊಸ ಲಾಂಚರ್, ಅಂದರೆ ಒತ್ತಿದರೆ ಪ್ರೋಗ್ರಾಮ್ ತೆರೆಯುವ ಚಿತ್ರ, ಮಾಡುವ ಸಾಲನ್ನು ಆರಿಸಿ ಎಂದರು. ಹೆಸರು, ಆದೇಶ, ಚಿತ್ರ ಎಂದು ಮೂರು ಜಾಗ ಇತ್ತು. ಹೆಸರಿನ ಜಾಗದಲ್ಲಿ 'ಪುಸ್ತಕ' ಎಂದು ಕನ್ನಡದಲ್ಲಿ ಹಾಕಿದರೆ ಒತ್ತಕ್ಷರ ಒಡೆದು ಬೇರೆಯಾಗಿ ಕಾಣಿಸಿತು. ಒತ್ತಕ್ಷರವೇ ಇಲ್ಲದ ಪದ ಬೇಕೆಂದು 'ಹುಡುಕಿ' ಎಂದು ಬರೆದೆ. ಆದೇಶ ತುಂಬಿಸಿ, ಚಿತ್ರದ ಮೇಲೆ ಎರಡು ಸಲ ಒತ್ತಿದೆ. ಬಾಣದ ಗುರುತು ಸ್ವಲ್ಪ ತಿರುಗಿ ಸುಮ್ಮನಾಯಿತು, ಏನೂ ತೆರೆಯಲಿಲ್ಲ. ಮತ್ತೆ ಫೋನ್ ಮಾಡಿದಾಗ, ಆ ಪ್ರೋಗ್ರಾಮ್ ಓಡುವುದು ಕಪ್ಪು ಕಿಟಕಿಯೊಳಗೆ, ಟರ್ಮಿನಲ್‌ನಲ್ಲಿ ಓಡಿಸು ಎನ್ನುವ ಕಡೆ ಗುರುತು ಹಾಕಬೇಕು ಎಂದರು. ಹಾಕಿದೆ. ತೆರೆಯಿತು.

ಯಂತ್ರವೇ ಕೊಟ್ಟ ಚಿತ್ರ ನನಗೆ ಇಷ್ಟವಾಗಲಿಲ್ಲ. ನಾನೇ ಬಿಡಿಸುತ್ತೇನೆ ಎಂದು ಕುಳಿತೆ. ತೆರೆದ ಪುಸ್ತಕ, ಅದರ ಮೇಲೆ ಹಿಡಿಯಿರುವ ಭೂತಗನ್ನಡಿ. ಬೆರಳ ಉಗುರಿನಷ್ಟು ಜಾಗದಲ್ಲಿ ಅದು ಏನೂ ಆಗಿ ಕಾಣುತ್ತಿರಲಿಲ್ಲ. ಒಂದೊಂದೇ ಚುಕ್ಕೆಗೆ ಬಣ್ಣ ತುಂಬಿ, ಅಳಿಸಿ, ಮತ್ತೆ ತುಂಬಿ, ಆ ವಾರವೆಲ್ಲ ಬಿಡುವಾದಾಗ ಅದೇ ಕೆಲಸ. ಬಹಳ ದಿನಗಳ ನಂತರ ನನಗೆ ಒಂದು ಕೆಲಸದಲ್ಲಿ ಹುಮ್ಮಸ್ಸು ಬಂದಿತ್ತು.

ಚಿತ್ರವನ್ನು ಪರದೆಗೆ ಹಾಕಿದ ದಿನ ಮೊದಲು ತೋರಿಸಿದ್ದು ಟೈಲರಿಂಗ್ ಕ್ಲಾಸಿನ ಆಕೆಗೇ. ದೋಸೆ ಕಾವಲಿಯ ಹಾಗೆ ಉಂಟಲ್ಲ ಅಕ್ಕ, ಎಂದು ನಕ್ಕರು. ನಾನೂ ನಕ್ಕೆ. ಒತ್ತುವುದು ಹೇಗೆಂದು ತೋರಿಸಿ, ಹೆಮ್ಮೆಯಿಂದಲೇ ಹೇಳಿದೆ:

"ಇನ್ನು ನೀವು ನನ್ನನ್ನು ಕರೆಯಬೇಕಂತ ಇಲ್ಲ."

"ಆಯ್ತು ಅಕ್ಕ," ಎಂದರು ಅವರು.

ಜನ ಬೇಗ ಕಲಿತರು. ಬಂದರು, ಒತ್ತಿದರು, ಕಪಾಟಿನಿಂದ ಪುಸ್ತಕ ತಂದು ಮೇಜಿನ ಮೇಲಿಟ್ಟರು, ನಾನು ಮೊಹರು ಹಾಕಿ ಕೊಟ್ಟೆ. ಕಾರ್ಯದರ್ಶಿಗಳು ಸಭೆಯಲ್ಲಿ ನನ್ನನ್ನು ಹೊಗಳಿದರಂತೆ. ಆಕೆಯೂ ಬರುತ್ತಿದ್ದರು. ಬಾಗಿಲಲ್ಲೇ ತಲೆಯಾಡಿಸಿ ನೇರ ಕಂಪ್ಯೂಟರಿಗೆ ಹೋಗಿ, ಪುಸ್ತಕ ತೆಗೆದು, ಕಿಟಕಿಯ ಪಕ್ಕ ನನಗೆ ಬೆನ್ನು ಹಾಕಿ ಕೂರುತ್ತಿದ್ದರು. ಓದುವವರನ್ನು ಮಾತಾಡಿಸುವುದು ಸರಿಯಲ್ಲ ಎಂದು ನಾನು ಸುಮ್ಮನಿದ್ದೆ. ಬಸ್ಸಿನ ಹೊತ್ತಾದಾಗ ಬರ್ತೇನೆ ಎಂದು ಹೋಗುತ್ತಿದ್ದರು. ಹೊಲಿಗೆ ಹೇಗೆ ನಡೆದಿದೆ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಾಗಿರುತ್ತಿತ್ತು. ಅವರಿಗೆ ಬೇಕಾದದ್ದು ಪುಸ್ತಕ ಮಾತ್ರ, ನಾನು ಇಲ್ಲದ್ದನ್ನು ಕಲ್ಪಿಸಿಕೊಂಡಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಳೆಗಾಲ ಹಾಗೆಯೇ ಕಳೆಯಿತು.

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಅವರು ಪುಸ್ತಕಗಳನ್ನೆಲ್ಲ ಹಿಂದಿರುಗಿಸಲು ಬಂದರು. ವೀಸಾ ಬಂದಿದೆ, ಮುಂದಿನ ವಾರ ಗಂಡನಲ್ಲಿಗೆ ಹೊರಡುವುದು ಎಂದರು. ಒಳ್ಳೆಯದಾಯಿತು ಎಂದೆ. ಆಮೇಲೆ, ಈಗೀಗ ನೀವು ಮಾತೇ ಆಡುವುದಿಲ್ಲವಲ್ಲ ಎಂದುಬಿಟ್ಟೆ.

ಅವರು ಕೈಯಲ್ಲಿದ್ದ ಪುಸ್ತಕಗಳನ್ನು ಮೇಜಿನ ಮೇಲಿಟ್ಟರು.

"ನಾನು ದಿನಾ ಬಂದು ತಲೆ ತಿಂದು ನಿಮಗೆ ಸಾಕಾಗಿದೆ ಅಂತ ಗ್ರಹಿಸಿದೆ ಅಕ್ಕ. ಕರೆಯಬೇಕಂತ ಇಲ್ಲ ಅಂತ ನೀವೇ ಹೇಳಿದ್ದಲ್ವಾ?"

"ನಾನು ಆ ಅರ್ಥದಲ್ಲಿ ಹೇಳಿದ್ದಲ್ಲ ಮಾರಾಯ್ತಿ."

"ನನಗೆ ಹೇಗೆ ಗೊತ್ತಾಗ್ಬೇಕು? ನನಗೂ ಮನೆಯಲ್ಲಿ ಮಾತಾಡ್ಲಿಕ್ಕೆ ಯಾರು ಉಂಟು?"

ನಾನು ಕುರ್ಚಿ ಎಳೆದು ಕೊಟ್ಟೆ. ಆ ಮಧ್ಯಾಹ್ನ ನಾವು ಕಳೆದುಹೋದ ತಿಂಗಳುಗಳನ್ನೆಲ್ಲ ಒಟ್ಟಿಗೆ ಮಾತಾಡಿ ಮುಗಿಸಲು ನೋಡಿದೆವು. ಆಗಲಿಲ್ಲ. ಬಸ್ಸು ಬಂತು, ಅವರು ಹೋದರು. ಅಲ್ಲಿಂದ ಕಾಗದ ಹಾಕುತ್ತೇನೆ ಎಂದಿದ್ದರು. ಹಾಕಿದರೋ ಇಲ್ಲವೋ, ನನಗೆ ತಲುಪಲಿಲ್ಲ. ಆಮೇಲೆ ನಾನು ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದೆ.

ಆದರೆ ಹೋಗುವ ಮೊದಲು, ವಾಚನಾಲಯದಲ್ಲಿ ಉಳಿದಷ್ಟು ಕಾಲ, ಓದುಗರು ಬಂದರೆ ನಾನೇ ಎದ್ದು ಹೋಗಿ ಮಾತಾಡಿಸುತ್ತಿದ್ದೆ. ಎಲ್ಲಿಂದ ಬಂದದ್ದು, ಊಟ ಆಯಿತಾ ಎಂದು ಕೇಳುತ್ತಿದ್ದೆ. ಕೆಲವರು ಪುಸ್ತಕದಿಂದ ತಲೆ ಎತ್ತದೆ ಉತ್ತರ ಕೊಡುತ್ತಿದ್ದರು. ಕೆಲವರು ಎದ್ದು ಬೇರೆ ಬೆಂಚಿಗೆ ಹೋಗಿ ಕೂರುತ್ತಿದ್ದರು.