ಉಸಿರು ಮಾತ್ರ ಸಾಕಂತೆ

ನನ್ನ ನಾದಿನಿಯನ್ನು ಅವಳ ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುವುದು ಬಣ್ಣದಮ್ಮ ಎಂದು. ಕಾರ್ಟೂನ್ ಸಿನಿಮಾ ಮಾಡುವ ಕಂಪನಿಯಲ್ಲಿ ಅವಳದು ಇಪ್ಪತ್ತಾರು ವರ್ಷದ ಕೆಲಸ. ಮೊದಲ ಹನ್ನೊಂದು ವರ್ಷ ಗಾಜಿನಂಥ ತೆಳು ಹಾಳೆಗಳ ಮೇಲೆ ಕುಂಚದಿಂದ ಬಣ್ಣ ತುಂಬಿದಳು. ಕಂಪ್ಯೂಟರ್ ಬಂದಮೇಲೆ ಕುಂಚ ಹೋಯಿತು, ಹೆಸರು ಉಳಿಯಿತು. ಈಗ ಚಿತ್ರಗಳಿಗೆ ನಂಬರು ಹಾಕಿ, ಕಟ್ಟು ಕಟ್ಟಿ ಇಟ್ಟು, ಕೇಳಿದವರಿಗೆ ತೆಗೆದುಕೊಡುವ ಕೆಲಸ. ಇಷ್ಟು ವರ್ಷದಲ್ಲಿ ಒಂದು ಚಿತ್ರವನ್ನೂ ಅವಳು ಕಳೆದಿಲ್ಲ. ಅವಳಿಗೆ ಉಬ್ಬಸ. ಮದುವೆ ಬೇಡವೆಂದಳು, ಆಗಲಿಲ್ಲ. ನನ್ನ ಗಂಡ ತೀರಿಕೊಂಡಮೇಲೆ ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾವಿಬ್ಬರೇ.

ಎರಡು ವರ್ಷದ ಹಿಂದೆ ಕಂಪನಿಯ ನಿರ್ದೇಶಕರು ಒಂದು ದೊಡ್ಡ ಚಿತ್ರಕ್ಕೆ ಕೈ ಹಾಕಿದರು. ಹಾಲಿವುಡ್ಡಿನ ಹಳೇ ಕಾಲದ ಹಾಡು-ಕುಣಿತದ ಸಿನಿಮಾಗಳ ಹಾಗೆ ಇರಬೇಕು, ಆದರೆ ಕಥೆ ಎಲ್ಲಿಂದಲೂ ತಂದದ್ದಾಗಿರಬಾರದು ಎಂದರು. ಒಂದು ತಿಂಗಳು ಎಲ್ಲರನ್ನೂ ಕತ್ತಲೆ ಕೋಣೆಯಲ್ಲಿ ಕೂರಿಸಿ ಆ ಕಾಲದ ಚಿತ್ರಗಳನ್ನು ತೋರಿಸಿದರು. ಆ ಸಿನಿಮಾದವರ ಹಾಗೆ ತಾವೂ ಒಂದು ಅಗಲ ಅಂಚಿನ ಟೋಪಿ ಕೊಂಡು ತಂದು ಹಾಕಿಕೊಂಡರು. ಆಮೇಲೆ ಒಂದು ಗೋಡೆಯ ತುಂಬ ಚೀಟಿ ಚುಚ್ಚುವುದು ಶುರುವಾಯಿತು. ಒಂದೊಂದು ಚೀಟಿಯಲ್ಲಿ ಒಂದೊಂದು ಚಿತ್ರ, ಸಾಲಾಗಿ ನೋಡಿದರೆ ಕಥೆ. ಮಧ್ಯಾಹ್ನ ಒಂದು ಗಂಟೆಗೆ ಅವಳ ಊಟದ ಡಬ್ಬಿ ತೆಗೆದುಕೊಂಡು ಹೋಗಿ ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಆದ್ದರಿಂದ ಇದನ್ನೆಲ್ಲ ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಕಥೆ ಒಂದು ಮುದುಕಿ ಲಿಫ್ಟಿನದು. ದೊಡ್ಡ ಹೋಟೆಲಿನಲ್ಲಿ ನಲವತ್ತು ವರ್ಷ ಮೇಲೆ ಕೆಳಗೆ ಓಡಾಡಿದ ಲಿಫ್ಟು. ಸಂಜೆಯಾದರೆ ಎದುರಿನ ಹಜಾರದಲ್ಲಿ ಜನ ಕುಣಿಯುವುದು ಅದಕ್ಕೆ ಕಾಣುತ್ತದೆ. ಅದಕ್ಕೂ ಕುಣಿಯುವ ಆಸೆ. ಆದರೆ ಪಕ್ಕಕ್ಕೆ ಒಂದು ಹೆಜ್ಜೆ ಇಡಲಾರದು. ಗೋಡೆಯ ಮೇಲೆ ಕಥೆ ಅಲ್ಲಿಗೆ ಬಂದು ನಿಂತುಬಿಟ್ಟಿತ್ತು. ಲಿಫ್ಟು ಹಾಡಬೇಕು, ಆದರೆ ಅದಕ್ಕೆ ಬಾಯಿ ಎಲ್ಲಿ? ಕಣ್ಣು ಬರೆದು ನೋಡಿದರು, ಮೂಗು ಬರೆದು ನೋಡಿದರು. ಮೂರು ದಿನ ತಲೆ ಕೆರೆದುಕೊಂಡರು.

ಮೂಲೆಯಲ್ಲಿ ನಂಬರು ಹಾಕುತ್ತಿದ್ದ ನಾದಿನಿ ತಲೆ ಎತ್ತದೆ ಹೇಳಿದಳು, "ಬಾಗಿಲೇ ಬಾಯಿ ಅಲ್ವಾ ಸರ್?"

ಚೀಟಿ ಚುಚ್ಚುತ್ತಿದ್ದವರು ತಿರುಗಿ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಹಾಡಿಗೆ ರಾಗ ಇತ್ತು, ಮಾತಿರಲಿಲ್ಲ. ಸಂಗೀತದವರು ಲಾ ಲಾ ಎನ್ನುತ್ತಿದ್ದರು. ಅದಕ್ಕೂ ಮಾತು ಕೂರಿಸಿದವಳು ಇವಳೇ: "ಮೇಲೆ ಹೋದೆ, ಕೆಳಗೆ ಬಂದೆ, ಪಕ್ಕಕ್ಕೊಂದು ಹೆಜ್ಜೆ ಇಡಲೇ ಇಲ್ಲ." ಪಾತ್ರೆ ತೊಳೆಯುತ್ತಾ ಕಟ್ಟಿದ ಸಾಲು ಅದು. ಪಾತ್ರೆ ಒರೆಸುತ್ತಿದ್ದವಳು ನಾನು.

ಈ ಕೆಲಸದಲ್ಲಿ ಮೊದಲು ದನಿ, ಆಮೇಲೆ ಚಿತ್ರ. ಹಾಡಿನಲ್ಲಿ ಬಾಯಿ ಎಲ್ಲಿ ತೆರೆಯುತ್ತದೋ ಚಿತ್ರದಲ್ಲೂ ಅಲ್ಲೇ ತೆರೆಯಬೇಕು. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರದ ಲೆಕ್ಕ.

"ಬಣ್ಣದಮ್ಮ, ತಾತ್ಕಾಲಿಕಕ್ಕೆ ನೀವೇ ಒಂದ್ಸಲ ಹಾಡ್ಬಿಡಿ. ಬರೆಯೋರಿಗೆ ಅಳತೆ ಸಿಕ್ಕಿದ್ರೆ ಸಾಕು," ಎಂದರು ನಿರ್ದೇಶಕರು.

"ನಂಗೆ ಉಬ್ಬಸ ಸರ್."

"ಲಿಫ್ಟಿಗೂ ವಯಸ್ಸಾಗಿದೆ. ಹಾಡಿ."

ಹಾಡಿದಳು. ಹಾಡಿನಲ್ಲಿ ಹದಿನಾಲ್ಕು ಕಡೆ ಅವಳಿಗೆ ಉಸಿರು ಸಾಲದೆ ನಿಂತು ಎಳೆದುಕೊಳ್ಳಬೇಕಾಯಿತು. ಚಿತ್ರ ಬರೆಯುವವರು ಅದನ್ನು ಬಿಡಲಿಲ್ಲ. ಅವಳು ಉಸಿರೆಳೆದಲ್ಲೆಲ್ಲ ಲಿಫ್ಟಿನ ಬಾಗಿಲು ಅರ್ಧ ಮುಚ್ಚಿ, ನಡುಗಿ, ಮತ್ತೆ ತೆರೆಯುವ ಹಾಗೆ ಬರೆದರು. ನಾಲ್ಕು ಜನ, ಎಂಟು ತಿಂಗಳು. ಮೊದಲ ತುಣುಕು ತೋರಿಸಿದ ದಿನ ಸಂಗೀತದವರು ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತು ಬಸ್ಸಿನಲ್ಲಿ ನಾದಿನಿ, "ಅತ್ತಿಗೆ, ದೊಡ್ಡ ಪರದೇಲಿ ಒಂದೇ ಒಂದ್ಸಲ ನನ್ ದನಿ ಕೇಳ್ಬೇಕು ಅನ್ನಿಸ್ತಿದೆ," ಎಂದಳು. ನಾನು ಮದುವೆಯಾಗಿ ಬಂದ ನಲವತ್ತು ವರ್ಷದಲ್ಲಿ ಅವಳು ಇಂಥದ್ದು ಬೇಕು ಎಂದು ಬಾಯಿಬಿಟ್ಟದ್ದು ನಾನು ಕೇಳಿರಲಿಲ್ಲ.

ಎಂಟು ತಿಂಗಳಾದಮೇಲೆ ಟಿವಿಯಲ್ಲಿ ಬರುವ ಗಾಯಕಿಯನ್ನು ಕರೆಸಿದರು. ಆಕೆ ಹಾಡಿದ್ದು ಎಣ್ಣೆ ಸುರಿದ ಹಾಗೆ, ಎಲ್ಲೂ ತಡೆಯಿಲ್ಲ. ಚಿತ್ರಕ್ಕೆ ಸೇರಿಸಿ ನೋಡಿದರೆ ಮಾತಿನ ಮಧ್ಯೆ ಬಾಗಿಲು ಧಡಕ್ಕನೆ ಮುಚ್ಚಿಕೊಳ್ಳುತ್ತಿತ್ತು. ಆಗ ಬಣ್ಣದಮ್ಮನ ನೆನಪಾಯಿತು ಇವರಿಗೆ! ಹಾಡಿಸುವ ಕೋಣೆಯ ಗಾಜಿನ ಈಚೆ ನಿಂತು, ಉಸಿರು ಬರುವ ಜಾಗದಲ್ಲೆಲ್ಲ ಕೈ ಎತ್ತಬೇಕಂತೆ. ಅವಳ ಔಷಧಿ ಹಿಡಿದುಕೊಂಡು ನಾನೂ ಹೋದೆ. ಒಂಬತ್ತು ಸಲ ಹಾಡಿಸಿದರು. ಒಂಬತ್ತು ಸಲವೂ ನನ್ನ ನಾದಿನಿ ಸಂಚಾರಿ ಪೊಲೀಸಿನ ಹಾಗೆ ಕೈ ಎತ್ತಿದಳು. ಗಾಯಕಿಯ ಉಸಿರು ಒಂದು ಸಲವೂ ಆ ಜಾಗಕ್ಕೆ ಕೂರಲಿಲ್ಲ.

"ಇದೇನ್ರೀ, ಎರಡು ಮಾತಿಗೊಂದು ಉಸಿರು? ನಮ್ಮ ಗುರುಗಳಾಗಿದ್ರೆ ಬೆನ್ನಿಗೆ ಬಾರಿಸ್ತಿದ್ರು!" ಎಂದು ಗಾಯಕಿ ನಕ್ಕರು. ಅಲ್ಲಿದ್ದವರೂ ನಕ್ಕರು.

ನಿರ್ದೇಶಕರು ಚಿಟಿಕೆ ಹೊಡೆದರು. "ಒಂದ್ ಕೆಲಸ ಮಾಡೋಣ. ಹಾಡು ಮೇಡಮ್ಮಂದೇ ಇರ್ಲಿ. ಬಣ್ಣದಮ್ಮಂದು ಉಸಿರು ಮಾತ್ರ ಸಾಕು. ಮಧ್ಯ ಮಧ್ಯ ಸೇರಿಸಿಬಿಟ್ರೆ ಆಯ್ತು."

ನನಗೆ ಮೈ ಉರಿದುಹೋಯಿತು. "ಏನು ಸ್ವಾಮಿ, ಅಂಗಿ ಅವರ್ದು, ಗುಂಡಿ ನಮ್ದಾ?"

"ಅಜ್ಜಿ, ನೀವು ಸ್ವಲ್ಪ ಹೊರಗಡೆ ಕೂತ್ಕೊಳ್ಳಿ."

"ನಾನು ನಿಮಗೆ ಅಜ್ಜಿ ಹೇಗಾಗ್ತೀನಿ? ಆ ಟೋಪಿ ತೆಗೀರಿ, ಯಾರ ತಲೆ ಹೆಚ್ಚು ಬೆಳ್ಳಗಿದೆ ನೋಡೋಣ."

ಗಾಯಕಿ ಕೆಮ್ಮಿದರು. ಅಷ್ಟರಲ್ಲಿ ಬಾಗಿಲು ಬರೆದ ನಾಲ್ವರಲ್ಲಿ ಹಿರಿಯ ಚಿತ್ರಗಾರ್ತಿ ಮುಂದೆ ಬಂದಳು. ಬರೆದೂ ಬರೆದೂ ಮಣಿಕಟ್ಟು ಊದಿ ಪಟ್ಟಿ ಕಟ್ಟಿಕೊಂಡಿದ್ದ ಹೆಂಗಸು. "ಬಣ್ಣದಮ್ಮ, ನಿಮಗೆ ಮನಸ್ಸಿಲ್ಲದಿದ್ರೆ ಬೇಡ. ಬಾಗಿಲನ್ನೆಲ್ಲ ನಾವು ಮತ್ತೆ ಬರೀತೀವಿ. ಎರಡು ತಿಂಗಳು ಅಷ್ಟೇ."

ನಾದಿನಿ ಆ ಪಟ್ಟಿಯನ್ನೇ ನೋಡಿದಳು. "ಬೇಡಮ್ಮ, ಉಸಿರು ಇಟ್ಕೊಳ್ಳಿ," ಎಂದಳು. ಆಮೇಲೆ ನಿರ್ದೇಶಕರ ಕಡೆ ತಿರುಗಿ, "ಆದ್ರೆ ಸರ್, ಕೊನೇಲಿ ಹೆಸರು ಓಡುತ್ತಲ್ಲ, ಅಲ್ಲಿ 'ಉಸಿರು: ಬಣ್ಣದಮ್ಮ' ಅಂತ ಹಾಕ್ಬೇಕು."

"ಅದಕ್ಕೇನಂತೆ! ಖಂಡಿತ!" ಎಂದು ಅವರು ಎದೆ ಮುಟ್ಟಿಕೊಂಡರು.

ಚಿತ್ರ ಹೋದ ತಿಂಗಳು ತೆರೆ ಕಂಡಿತು. ನಾವು ಮೂರು ಸಲ ನೋಡಿದೆವು. ಮೊದಲ ಸಲ ಹೆಸರುಗಳು ಸರಸರನೆ ಮೇಲೇರಿದವು. ಕೂಡಿಸಿ ಓದುವ ನನಗೆ ಒಂದೂ ಸಿಕ್ಕಲಿಲ್ಲ. ಎರಡನೆಯ ಸಲ ಪಾಲು ಮಾಡಿಕೊಂಡೆವು, ಎಡಗಡೆಯ ಸಾಲು ಅವಳಿಗೆ, ಬಲಗಡೆಯದು ನನಗೆ. ಜನ ಎದ್ದು ಅಡ್ಡ ನಿಂತರು.

"ಸ್ವಲ್ಪ ಕೂತ್ಕೊಳ್ರಪ್ಪ, ಹೆಸರು ಓದ್ತಿದೀವಿ."

"ಯಾರ ಹೆಸರಮ್ಮ?"

"ನಮ್ದು!"

ಮೂರನೆಯ ಸಲ ಸಾಲು ಅದಲುಬದಲು ಮಾಡಿಕೊಂಡು ಓದಿದೆವು, ಯಾರ ಕಣ್ಣೂ ತಪ್ಪಿರಬಾರದಲ್ಲ. ಗಾಯಕಿಯ ಕೂದಲು ಬಾಚುವವಳ ಹೆಸರಿತ್ತು. ಗಾಯಕಿಯ ಕಾರಿನವನ ಹೆಸರಿತ್ತು. ಕಂಪನಿಯ ಮೆಟ್ಟಿಲ ಕೆಳಗೆ ಮಲಗುವ ಬೆಕ್ಕಿನ ಹೆಸರಿತ್ತು, ಪಕ್ಕದಲ್ಲಿ ಅದರ ಚಿತ್ರ ಬೇರೆ! ಬಣ್ಣದಮ್ಮ ಇರಲಿಲ್ಲ. ಹಾಡು ಬರೆದವರ ಜಾಗದಲ್ಲಿ ನಿರ್ದೇಶಕರ ಹೆಸರಿತ್ತು. ಉಸಿರುಗಳು ಮಾತ್ರ ಹದಿನಾಲ್ಕೂ ಇದ್ದವು. ಬೆರಳು ಮಡಚಿ ಎಣಿಸಿದ್ದೇನೆ. ಆರನೆಯ ಉಸಿರಿಗೆ ಇಡೀ ಥಿಯೇಟರು ಒಂದು ಕ್ಷಣ ಉಸಿರು ಹಿಡಿದು ಕೂತಿತ್ತು. ಅದು ಗಾಯಕಿಗಾಗಿ ಅಲ್ಲ.

ನಾದಿನಿ ಕೇಳಿದ್ದಕ್ಕೆ ನಿರ್ದೇಶಕರು, "ಅಯ್ಯೋ, ಜಾಗ ಸಾಕಾಗ್ಲಿಲ್ಲ ಬಣ್ಣದಮ್ಮ," ಎಂದರಂತೆ. ಬೆಕ್ಕು ಬಾಲ ಚಾಚಿಕೊಂಡು ಮಲಗಿದ್ದರೆ ಜಾಗ ಎಲ್ಲಿಂದ ಸಾಲಬೇಕು? ನಾನೇ ಹೋಗಿ ಕೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ನಾದಿನಿ ಬಾಗಿಲಿಗೆ ಅಡ್ಡ ನಿಂತಳು. "ಬಿಡಿ ಅತ್ತಿಗೆ."

ಹೋದ ಸೋಮವಾರ ಗೋಡೆಗೆ ಹೊಸ ಚೀಟಿಗಳು ಬಿದ್ದಿವೆ. ಹಳೆಯದು ಚೆನ್ನಾಗಿ ಓಡಿತಲ್ಲ, ಇನ್ನೊಂದು ಹಾಡಿನ ಚಿತ್ರ. ನಾನು ಡಬ್ಬಿ ಕೊಡಲು ಹೋದಾಗ ನಿರ್ದೇಶಕರು ಅವಳನ್ನು ಕರೆದರು.

"ಬಣ್ಣದಮ್ಮ, ಹೋದ್ಸಲದ ಥರಾನೇ ತಾತ್ಕಾಲಿಕಕ್ಕೆ..."

"ಇಲ್ಲ ಸರ್. ನಂಬರು ಹಾಕೋದು ನನ್ ಕೆಲಸ. ಅದನ್ನ ಮಾಡ್ತೀನಿ."

"ಏನ್ರೀ ಇದು, ಇಷ್ಟು ಸಣ್ಣ ವಿಷಯಕ್ಕೆ ಮುನಿಸಾ?"

"ಸಣ್ಣದಾಗಿದ್ರೆ ಆ ಜಾಗದಲ್ಲೇ ಹಿಡೀತಿತ್ತಲ್ಲ ಸರ್," ಎಂದು ಅವಳು ಕಟ್ಟಿನ ದಾರ ಬಿಗಿದಳು.

ತಾತ್ಕಾಲಿಕದ ಹಾಡನ್ನು ಈಗ ನಿರ್ದೇಶಕರೇ ಹಾಡಿದ್ದಾರಂತೆ. ಬರೆಯುವವರಿಗೆ ಬಾಯಿ ಎಲ್ಲಿ ತೆರೆಯಬೇಕೋ ಎಲ್ಲಿ ಮುಚ್ಚಬೇಕೋ ತಿಳಿಯುತ್ತಿಲ್ಲವಂತೆ. ಅದನ್ನು ಕೇಳಿ ನಾದಿನಿ ನಕ್ಕಳು. ನನಗೆ ಇನ್ನೂ ನಗು ಬಂದಿಲ್ಲ.