ಲಾಯರ್ ಕೂಡಿಸುವ ನೀಲಾವತಮ್ಮ
ಚಾಮರಾಜನಗರ, ಗುಂಡ್ಲುಪೇಟೆಗಳ ಹಿರಿಯ ವಕೀಲರಿಗೆ ಮೈಸೂರಿನ ದೊಡ್ಡ ಲಾ ಫರ್ಮುಗಳಲ್ಲಿ ಜಾಗ ಹುಡುಕಿಕೊಡುವ ನೀಲಾವತಮ್ಮ ಆ ಕೆಲಸವನ್ನು ಥೇಟ್ ಮದುವೆ ಸಂಬಂಧ ಕೂಡಿಸಿದಂತೆಯೇ ಮಾಡುತ್ತಾರೆ. ಫರ್ಮಿನವರು ನೋಡಲು ಬಂದರೆ ಉಪ್ಪಿಟ್ಟು, ಕೇಸರಿಬಾತು. ವಕೀಲರಿಗೆ ಇಸ್ತ್ರಿ ಕೋಟು, ಮೀಸೆಗೆ ಕಪ್ಪು. 'ಎಲ್ಲಿ ಸಾಹೇಬ್ರೆ, ಒಂದ್ ವಾದ ಮಾಡಿ' ಎಂದು ಹಾಡು ಹೇಳಿಸಿದಂತೆ ವಾದ ಹೇಳಿಸುತ್ತಾರೆ. 'ವಯಸ್ಸು ಜಾಸ್ತಿ ಆಯ್ತಲ್ಲಮ್ಮ' ಎಂದು ಫರ್ಮಿನವರು ಗೊಣಗಿದರೆ, 'ಯಮನತ್ರಾನೇ ವಾಯ್ದೆ ತಕ್ಕಂಡವ್ರೆ ಕಣಪ್ಪ, ನಿಮ್ ಜಡ್ಜು ಯಾವ ಲೆಕ್ಕ!' ಎನ್ನುತ್ತಾರೆ. ಎಲ್ಲದಕ್ಕೂ ಬಗ್ಗುವ ನೀಲಾವತಮ್ಮ ಒಂದಕ್ಕೆ ಮಾತ್ರ ಜಪ್ಪಯ್ಯ ಎಂದರೂ ಬಗ್ಗುವುದಿಲ್ಲ: 'ಲಾಯರ್ ಜೊತೆ ಅವ್ರ ಗುಮಾಸ್ತನ್ನೂ ಸೇರಿಸ್ಕಬೇಕು. ಆಗಲ್ವಾ? ಉಪ್ಪಿಟ್ಟು ತಿಂದು ಓಗಿ.' ಅವರ ಗಂಡ ಸೋಮಯ್ಯನವರೂ ಗುಮಾಸ್ತರೇ. ಅವರ ಸೀನಿಯರ್ ವಕೀಲರು ಗುಮಾಸ್ತರನ್ನು ಬಿಟ್ಟು ತಾವೊಬ್ಬರೇ ಫರ್ಮು ಸೇರಿ ವರ್ಷಗಳಾದರೂ, ಸೋಮಯ್ಯನವರು ದಿನಾ ಬೆಳಿಗ್ಗೆ ಬೀಗ ಹಾಕಿದ ಆ ಹಳೇ ಆಫೀಸಿನ ಮುಂದೆ ಕಸ ಗುಡಿಸಿ, ದಾರಿಹೋಕರಿಗೆಲ್ಲ 'ಸಾಹೇಬ್ರು ಈಗ ಬತ್ತಾರೆ, ಕೂತ್ಕಳಿ' ಎನ್ನುತ್ತಾರೆ.